ಕೆರೆಯ ಜಾಗದಲ್ಲಿ ಎದ್ದ ಕಂಠೀರವ



'ಕಂಠೀರವ' ಎಂದರೆ ಸಿಂಹ, ಉರ್ದುವಿನಲ್ಲಿ ಶೇರ್. 'ಮೈದಾನ' ಎಂಬ ಪದ ಪಾರಸಿಯಿಂದ ನಮ್ಮಲ್ಲಿಗೆ ಬಂದದ್ದು. ಇಂದು ಅದು ಕನ್ನಡದ್ದಲ್ಲ ಎಂದರೆ ಯಾರೂ ನಂಬುವುದಿಲ್ಲ. ಭಾಷೆಯ ಶಿಕ್ಷಕನಾದ್ದರಿಂದ ಪದದಿಂದಲೇ ಶುರು ಮಾಡಿದೆ, ಕ್ಷಮಿಸಿ.

ಬೆಂಗಳೂರಿನ ನಡುಮಧ್ಯೆ, ಕಬ್ಬನ್ ಪಾರ್ಕಿನ ಪಕ್ಕದಲ್ಲಿರುವ ಶ್ರೀ ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಹಿಂದೆ ಸಂಪಂಗಿ ಕೆರೆ ಇತ್ತು. ಊರಿನವರು ಅದರ ನೀರನ್ನು ಬಳಸುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು, ಕೆರೆಯನ್ನು ಕೇಳುವವರು ಕಡಿಮೆಯಾದರು. ಕ್ರಮೇಣ ಅದು ಬತ್ತಿ ಬಯಲಾಯಿತು, ಬಯಲು ಕ್ರೀಡಾಂಗಣವಾಯಿತು. ಈಗ ಉಳಿದಿರುವುದು ಒಂದು ಸಣ್ಣ ಕೊಳ ಮಾತ್ರ. ಅದೂ ಉಳಿದದ್ದು ಕರಗದ ಆಚರಣೆಗಾಗಿ. ಆ ಕರಗದ ಮೆರವಣಿಗೆ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು.

1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಕ್ರೀಡಾಂಗಣ ಈಗಿನ ರೂಪಕ್ಕೆ ಬಂತು. ಓಟದ ಟ್ರ್ಯಾಕ್, ನಡುವೆ ಫುಟ್ಬಾಲ್ ಅಂಗಣ, ಸುಮಾರು 25,000 ಜನರಿಗೆ ಆಸನ, ಪಕ್ಕದಲ್ಲೇ ಒಳಾಂಗಣ. 2023ರಲ್ಲಿ ಸ್ಯಾಫ್ ಫುಟ್ಬಾಲ್ ಫೈನಲ್‌ನಲ್ಲಿ ಭಾರತ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿದ್ದು ಇಲ್ಲಿಯೇ. 2025ರ ಜುಲೈನಲ್ಲಿ ನೀರಜ್ ಚೋಪ್ರಾ ತಮ್ಮ ಹೆಸರಿನ ಸ್ಪರ್ಧೆಯಲ್ಲಿ 86.18 ಮೀಟರ್ ಜಾವೆಲಿನ್ ಎಸೆದು ಗೆದ್ದದ್ದೂ ಇಲ್ಲಿಯೇ.

ಆಟ ಒಂದೇ ಅಲ್ಲ. 2013ರಲ್ಲಿ, ಮತ್ತೆ 2023ರಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ಇಲ್ಲಿ. 2006ರಲ್ಲಿ ಡಾ. ರಾಜಕುಮಾರ್, 2021ರಲ್ಲಿ ಪುನೀತ್ ಅವರ ಪಾರ್ಥಿವ ಶರೀರವನ್ನು ಜನರ ದರ್ಶನಕ್ಕೆ ಇಟ್ಟದ್ದೂ ಇಲ್ಲಿ. (ಅವರ ಸಮಾಧಿ ಇರುವುದು ಕಂಠೀರವ ಸ್ಟುಡಿಯೋದಲ್ಲಿ. ಅದು ಬೇರೆ, ಇದು ಬೇರೆ. ಮಕ್ಕಳು ಉತ್ತರಪತ್ರಿಕೆಯಲ್ಲಿ ಎರಡನ್ನೂ ಒಂದೇ ಮಾಡುತ್ತಾರೆ.)

ಒಂದು ಜಾಗ ಇಷ್ಟು ಜನರಿಗೆ ಬೇಕಾದಾಗ ತಕರಾರು ತಪ್ಪದು. ಫುಟ್ಬಾಲ್ ಪಂದ್ಯಗಳಿಂದ ತಮ್ಮ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆ ಎಂದು ಓಟಗಾರರು, ತರಬೇತುದಾರರು ವರ್ಷಗಟ್ಟಲೆ ದೂರಿದರು. ನನ್ನ ಮನಸ್ಸು ಅವರ ಕಡೆಗೇ. ಪಂದ್ಯ ನೋಡಲು ಸಾವಿರಾರು ಜನ ಬರುತ್ತಾರೆ, ಬೆಳಗಿನ ಜಾವ ಓಡುವ ಹುಡುಗಿಯನ್ನು ನೋಡಲು ಯಾರೂ ಬರುವುದಿಲ್ಲ. ಆದರೆ ಮೈದಾನ ಹೆಚ್ಚು ಬೇಕಾದದ್ದು ಅವಳಿಗೇ.

ನಮ್ಮ ಮುದನಾಳದ ಕಡೆ ತೊಗರಿ, ಹತ್ತಿ ತೆಗೆದ ಮೇಲೆ ಖಾಲಿಯಾದ ಹೊಲವೇ ಮಕ್ಕಳ ಮೈದಾನ. ಅಲ್ಲಿ ಹುಡುಗರಿರುತ್ತಾರೆ. ಏಳನೆಯ ತರಗತಿ ದಾಟಿದ ಹುಡುಗಿಯರು ಎಲ್ಲಿರುತ್ತಾರೆ? ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾರೆ. 2017ರಲ್ಲಿ ಅದೇ ಕಂಠೀರವ ಒಳಾಂಗಣದಲ್ಲಿ ನಮ್ಮ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಏಷ್ಯಾ ಕಪ್ 'ಬಿ' ವಿಭಾಗದ ಫೈನಲ್‌ನಲ್ಲಿ ಕಜಾಕಿಸ್ತಾನವನ್ನು ಕೇವಲ ಎರಡು ಅಂಕಗಳಿಂದ ಸೋಲಿಸಿತು. ಆ ಆಟಗಾರ್ತಿಯರಿಗೂ ಚಿಕ್ಕಂದಿನಲ್ಲಿ ಯಾರೋ ಒಂದು ಜಾಗ, ಒಂದು ಹೊತ್ತು ಬಿಟ್ಟುಕೊಟ್ಟಿರಬೇಕಲ್ಲವೇ?

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಕಟ್ಟಡ ಬೇಡ, ಗ್ಯಾಲರಿ ಬೇಡ. ಶಾಲೆಯ ಬಯಲಿನ ಕಲ್ಲು ಆರಿಸಿ, ಸುಣ್ಣದಲ್ಲಿ ಒಂದು ಖೊಖೊ ಅಂಗಣ ಎಳೆಸೋಣ. ವಾರದಲ್ಲಿ ಎರಡು ಸಂಜೆ ಅದು ಹುಡುಗಿಯರಿಗೇ ಮೀಸಲಿರಲಿ. ಆ ಹೊತ್ತಿನಲ್ಲಿ ಜೊತೆಗೆ ನಿಲ್ಲಲು ನಾನು ಸಿದ್ಧ. ತಾಯಂದಿರಲ್ಲಿ ಇಬ್ಬರು ಬಂದರೆ ಇನ್ನೂ ಒಳ್ಳೆಯದು. ಹೆಸರನ್ನು ಶಾಲೆಯ ಕಚೇರಿಯಲ್ಲಿ ಬರೆಸಿರಿ.