ಹೊತ್ತಿಗೆಯಲ್ಲಿ ಇಲ್ಲದ ಹೆಸರುಗಳು



ನಮ್ಮ ಹಿರಿಯರು ವ್ಯಾಪಾರಕ್ಕೆಂದು ಸೊಲ್ಲಾಪುರಕ್ಕೆ ಬಂದರೆಂಬುದು ಮನೆತನದಲ್ಲಿ ನಡೆದುಬಂದ ಮಾತು. ಬಾಗಲಕೋಟೆ ಕಡೆಯ ಹೆಳವರು ಬೇರೆಯೇ ಹೇಳಿದರು. ವಂಶಾವಳಿ ಓದುತ್ತ ನನ್ನ ಮುತ್ತಜ್ಜನ ಹೆಸರಿಗೆ ಬಂದಾಗ, "ಬರದಾಗ ಊರ ಬಿಟ್ಟಾನ್ರೀ" ಎಂದು ಮುಂದೆ ಸಾಗಿದರು.

ಆ ಬರ 1876–78ರದು. ಬಾಗಲಕೋಟೆ ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿತ್ತು. ಬರಗಾಲದ ಕಾಮಗಾರಿಯಲ್ಲಿ ದಿನವಿಡೀ ದುಡಿದ ಗಂಡಾಳಿಗೆ 1877ರಲ್ಲಿ ರಿಚರ್ಡ್ ಟೆಂಪಲ್ ಗೊತ್ತುಪಡಿಸಿದ ಕೂಲಿ ಒಂದು ಪೌಂಡು ಧಾನ್ಯ, ಮೇಲೆ ಒಂದಾಣೆ. ಪೌಂಡೆಂದರೆ ಅರ್ಧ ಕಿಲೋ ಕೂಡ ಆಗದು. ಹಳೆಯ ಕಂದಾಯದ ಕಾಗದಗಳಲ್ಲಿ ಮುತ್ತಜ್ಜನ 'ರಾಜೀನಾಮೆ' ದೊರೆಯಿತು. ನಾವಿಂದು ನೌಕರಿ ಬಿಡಲು ಬರೆಯುವ ಈ ಶಬ್ದ ಆಗ ಹೊಲ ಬಿಟ್ಟುಕೊಡುವ ಪತ್ರದ ಹೆಸರು. ಸಹಿಯ ಜಾಗದಲ್ಲಿ ಪುಟ್ಟದೊಂದು ನೇಗಿಲಿನ ಗುರುತು!

ದಾರಿಯಲ್ಲಿ ಜಡ್ಡಿನಿಂದ ತೀರಿಕೊಂಡರೆಂದು ಅಜ್ಜಿ ಹೇಳುತ್ತಿದ್ದ ಅವನ ಇಬ್ಬರು ತಂಗಿಯರ ಜಡ್ಡು ಯಾವುದೆಂದು ಈಗ ತಿಳಿಯುತ್ತದೆ. ಹೆಳವರ ಹೊತ್ತಿಗೆ ನಡೆಯುವುದು ಗಂಡುಸಂತತಿಯ ಮೇಲೆ, ಅವರಿಬ್ಬರೂ ಅದರಲ್ಲಿಲ್ಲ. ಸೇರಿಸಿರೆಂದು ಕೇಳಿಕೊಂಡೆ. ಹಾಗೆ ಬರೆಯುವ ರೂಢಿಯಿಲ್ಲವೆಂದರು. ತುಸು ಹೊತ್ತು ಸುಮ್ಮನಿದ್ದು ಲೇಖನಿ ತೆಗೆದು, "ಹೆಸರ ಹೇಳ್ರೀ" ಎಂದರು.

ನಮ್ಮ ಮನೆಯಲ್ಲಿ ಯಾರಿಗೂ ಅವು ತಿಳಿದಿರಲಿಲ್ಲ.