ತಾಯಿಯ ತಲೆಗೆ ಕಟ್ಟಿದ ತಪ್ಪು

(ವಜ್ರಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)



ಕರೆದರೆ ತಿರುಗಿ ನೋಡದ, ಮಾತು ಬಾರದ, ನಿತ್ಯದ ಕ್ರಮ ಕೊಂಚ ತಪ್ಪಿದರೂ ಕಂಗಾಲಾಗುವ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಇಂಥ ಲಕ್ಷಣಗಳು ಕೂಡಿದ ಸ್ಥಿತಿಯೊಂದಕ್ಕೆ ವೈದ್ಯರು ಆಟಿಸಂ ಎನ್ನುತ್ತಾರೆ. ಊರಿನವರು ಮಾತ್ರ, "ತಾಯಿ ಸರಿಯಾಗಿ ಸಾಕಲಿಲ್ಲ" ಎನ್ನುತ್ತಾರೆ. ಇದು ಹಳ್ಳಿಯವರ ಅಜ್ಞಾನವೆಂದು ಯಾರೂ ನಗಬೇಕಾಗಿಲ್ಲ. ದೊಡ್ಡ ಪಂಡಿತರೇ ಈ ಮಾತನ್ನಾಡಿದ್ದಾರೆ.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರ ಬರೆದರು. ಇದು ಹುಟ್ಟಿನಿಂದಲೇ ಬಂದದ್ದೆಂದರು. ಜೊತೆಗೇ ಆ ತಂದೆತಾಯಿಗಳಲ್ಲಿ ಅಕ್ಕರೆಯುಳ್ಳವರು ವಿರಳವೆಂದೂ ಸೇರಿಸಿದರು. ಜನ ಹಿಡಿದುಕೊಂಡದ್ದು ಎರಡನೆಯ ಮಾತನ್ನೇ. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಅದನ್ನೇ ದೊಡ್ಡ ಗ್ರಂಥವಾಗಿಸಿದರು. 1969ರಲ್ಲಿ ಕ್ಯಾನರರು ಪಾಲಕರ ಸಭೆಯಲ್ಲಿ ನಿಂತು, ನೀವು ನಿರ್ದೋಷಿಗಳೆಂದು ಸಾರಿದರು. ಮಾಡದ ಅಪರಾಧಕ್ಕೆ 26 ವರ್ಷಗಳ ಮೇಲೆ ಖುಲಾಸೆ!

1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ ಬ್ರಿಟನ್ನಿನ 21 ಅವಳಿ ಜೋಡಿಗಳ ಪರೀಕ್ಷೆಯನ್ನು ಪ್ರಕಟಿಸಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ. ಉಳಿದ 10ರಲ್ಲಿ ಒಂದರಲ್ಲೂ ಹಾಗಿಲ್ಲ. ಅವಳಿಗಳಿಗೆ ತಾಯಿಯೂ ಒಬ್ಬಳೇ, ಮನೆಯೂ ಒಂದೇ. ಆದುದರಿಂದ ಮೂಲವನ್ನು ಸಾಕಣೆಯಲ್ಲಲ್ಲ, ಹುಟ್ಟಿನಲ್ಲೇ ಹುಡುಕಬೇಕು.

ಕ್ಯಾನರರು ಕಂಡ ಮಕ್ಕಳೆಲ್ಲ ಓದಿದವರ ಮನೆಯವರು. ಹಾಗೆಂದು ಇದು ಅನುಕೂಲಸ್ಥರ ಮನೆಯ ರೋಗವೇ? ಅಲ್ಲ. ಅಂಥ ತಜ್ಞರ ಬಾಗಿಲು ತಟ್ಟಬಲ್ಲವರು ಅವರೇ ಆಗಿದ್ದರು. ಬಡವರ ಮಗು ದಡ್ಡನೆಂದೋ ಹುಚ್ಚನೆಂದೋ ಕರೆಸಿಕೊಂಡು ಲೆಕ್ಕದ ಹೊರಗೇ ಉಳಿಯಿತು.

ನಮ್ಮ ದೇಶದ 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಬಂತು. 2016ರ ಕಾಯಿದೆ 21 ಬಗೆಯ ವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಆದರೆ ಆ ಹಕ್ಕಿಗೆ ಪ್ರಮಾಣಪತ್ರ ಬೇಕು. ರಕ್ತಪರೀಕ್ಷೆಯಿಂದ ಆಟಿಸಂ ತಿಳಿಯದು; ಬಲ್ಲವರು ಮಗುವಿನೊಡನೆ ಕೂತು ನೋಡಬೇಕು, ಪಾಲಕರನ್ನು ವಿಚಾರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ 400 ಕಿಲೋಮೀಟರಿಗೂ ಮಿಕ್ಕ ದಾರಿ. ಹೋದರೆ ಗಿರಣಿಯವನಿಗೆ ಕೂಲಿ ಇಲ್ಲ, ಅಂಗಡಿಯವನಿಗೆ ವ್ಯಾಪಾರವಿಲ್ಲ.

ಆದುದರಿಂದ ನಾವು ಕೇಳುವುದಿಷ್ಟೆ: ತಜ್ಞರು ಗೊತ್ತಾದ ದಿನ ತಾಲೂಕು ಆಸ್ಪತ್ರೆಗೇ ಬರಲಿ. ಸರಕಾರದಿಂದ ಇದನ್ನು ಪಡೆಯಲು ಹೋರಾಟ ಬೇಕು. ತಾಯಿಯ ತಲೆಯ ಮೇಲಿನ ತಪ್ಪನ್ನು ಇಳಿಸಲು ಯಾವ ಸರಕಾರದ ಅಪ್ಪಣೆಯೂ ಬೇಡ. ಅದನ್ನು ಇಂದು ಮನೆಗೆ ಹೋದ ಕೂಡಲೇ ಮಾಡಿರಿ.