ಕಾರಿನ ಏರ್‌ಬ್ಯಾಗ್ ದೀಪ ಮಿನುಗಿದಾಗ



ಚೆನ್ನೈ ನಗರದ ಸೌಕಾರ್‌ಪೇಟೆಯು ಹೆಸರಿಗೆ ತಕ್ಕಂತೆ ಸಾಹುಕಾರರ ಪೇಟೆ. ಸೆಂಟ್ರಲ್ ರೈಲು ನಿಲ್ದಾಣಕ್ಕೆ ಸಮೀಪದಲ್ಲಿರುವ ಈ ಬಡಾವಣೆಯ ಮಿಂಟ್ ರಸ್ತೆಯಲ್ಲಿಯೂ ಅದಕ್ಕೆ ಕೂಡಿಕೊಂಡಿರುವ ಓಣಿಗಳಲ್ಲಿಯೂ ದಿನವಿಡೀ ಸಗಟು ವ್ಯಾಪಾರ ನಡೆಯುತ್ತದೆ. ಕೈಗಾಡಿ, ಆಟೋ, ದ್ವಿಚಕ್ರ ವಾಹನಗಳ ನಡುವೆ ಇಲ್ಲಿ ಕಾರು ಸಾಗುವುದು ನಡಿಗೆಯ ವೇಗದಲ್ಲಿ. ಇಂತಹ ಕಡೆ ವಾಸಿಸುವವರ ಕಾರಿನಲ್ಲಿ ಏರ್‌ಬ್ಯಾಗ್ ದೀಪವು ಮಿನುಗತೊಡಗಿದರೆ, ಈ ಓಣಿಯಲ್ಲಿ ಅದರ ಅಗತ್ಯವಾದರೂ ಏನು ಎಂದು ಅಲಕ್ಷಿಸುವುದು ಸಹಜ. ಆದರೆ ಅದೇ ಕಾರು ರಜೆಯ ದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬೆಂಗಳೂರಿನ ಅಥವಾ ತಿರುಪತಿಯ ಹೆದ್ದಾರಿಯನ್ನು ಹಿಡಿಯುತ್ತದೆ. ಓಣಿಯಲ್ಲಿ ಅಲಕ್ಷಿಸಿದ ದೀಪಕ್ಕೆ ಬೆಲೆ ತೆರಬೇಕಾಗುವುದು ಹೆದ್ದಾರಿಯಲ್ಲಿ.

ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಮುಂದಿನ ಆಸನದ ಪ್ರಯಾಣಿಕರ ಏರ್‌ಬ್ಯಾಗನ್ನು 2021ರಲ್ಲಿ ಕಡ್ಡಾಯಗೊಳಿಸಲಾಯಿತು. ಹೀಗಾಗಿ, ಹಿಂದೆ ದುಬಾರಿ ಕಾರುಗಳಿಗೆ ಸೀಮಿತವಾಗಿದ್ದ ಈ ದೀಪವು ಇಂದು ಸಾಮಾನ್ಯ ಕುಟುಂಬದ ಸಣ್ಣ ಕಾರಿನಲ್ಲಿಯೂ ಇದೆ. ಅದರ ಅರ್ಥವನ್ನು ತಿಳಿಯುವುದು ಪ್ರತಿಯೊಬ್ಬ ಮಾಲೀಕನಿಗೂ ಅವಶ್ಯಕ.

ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಮುಖ್ಯವಾಗಿ ಮೂರು ಅಂಗಗಳಿವೆ. ಡಿಕ್ಕಿಯನ್ನು ಗ್ರಹಿಸುವ ಸಂವೇದಕಗಳು ಮೊದಲನೆಯದು. ಆ ಸೂಚನೆಯನ್ನು ಪರಿಶೀಲಿಸಿ ನಿರ್ಧರಿಸುವ ವಿದ್ಯುನ್ಮಾನ ನಿಯಂತ್ರಕವು ಎರಡನೆಯದು. ಅನಿಲವನ್ನು ಉತ್ಪಾದಿಸಿ ನೈಲಾನ್ ಚೀಲವನ್ನು ಉಬ್ಬಿಸುವ ಘಟಕವು ಮೂರನೆಯದು. ಇವೆಲ್ಲವೂ ತಮ್ಮ ಕೆಲಸವನ್ನು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು ಅವಧಿಯಲ್ಲಿ, ಅಂದರೆ ಕಣ್ಣು ಮುಚ್ಚಿ ತೆರೆಯುವುದರೊಳಗಾಗಿ, ಮುಗಿಸಬೇಕು. ಆ ಕ್ಷಣದಲ್ಲಿ ದುರಸ್ತಿಗೆ ಅವಕಾಶವಿಲ್ಲ. ಆದುದರಿಂದಲೇ ನಿಯಂತ್ರಕವು ಪ್ರತಿ ಬಾರಿ ಕೀಲಿ ತಿರುಗಿಸಿದಾಗಲೂ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಫಲಿತಾಂಶವನ್ನು ದೀಪದ ಮೂಲಕ ತಿಳಿಸುತ್ತದೆ.

ಕೀಲಿ ತಿರುಗಿಸಿದೊಡನೆ ದೀಪವು ಹೊತ್ತಿ, ಕೆಲವು ಸೆಕೆಂಡುಗಳ ನಂತರ ಆರಿಹೋದರೆ ಪರೀಕ್ಷೆಯಲ್ಲಿ ದೋಷ ಕಂಡಿಲ್ಲವೆಂದು ಅರ್ಥ. ಆರದೆ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ದೋಷವಿದೆ ಎಂದು ತಿಳಿಯಬೇಕು. ಆ ಸ್ಥಿತಿಯಲ್ಲಿ ಅಪಘಾತವಾದರೆ ಏರ್‌ಬ್ಯಾಗ್ ತೆರೆಯದೆಯೂ ಹೋಗಬಹುದು. ದೀಪವು ಒಮ್ಮೆಯೂ ಹೊತ್ತದಿದ್ದರೆ ಅದೂ ದೋಷವೇ. ಹಳೆಯ ಕಾರನ್ನು ಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಿಂದಿನ ಅಪಘಾತವನ್ನು ಮರೆಮಾಚಲು ದೀಪದ ಸಂಪರ್ಕವನ್ನೇ ಕಡಿದಿರುವ ಸಾಧ್ಯತೆ ಉಂಟು.

ಕೆಲವು ಹಳೆಯ ಮಾದರಿಗಳಲ್ಲಿ ಮಿನುಗುವಿಕೆಯೇ ಒಂದು ಭಾಷೆ. ದೀಪವು ಮೂರು ಬಾರಿ ಮಿನುಗಿ, ತುಸು ತಡೆದು, ಮತ್ತೆ ಎರಡು ಬಾರಿ ಮಿನುಗಿದರೆ ಅದನ್ನು 32 ಎಂಬ ಸಂಕೇತವಾಗಿ ಓದಲಾಗುತ್ತದೆ. ಆ ಸಂಖ್ಯೆಯ ಅರ್ಥವು ಆಯಾ ಮಾದರಿಯ ದುರಸ್ತಿ ಕೈಪಿಡಿಯಲ್ಲಿರುತ್ತದೆ. ಒಂದು ಕಾರಿನ ಅರ್ಥವನ್ನು ಮತ್ತೊಂದಕ್ಕೆ ಅನ್ವಯಿಸಬಾರದು. ಇತ್ತೀಚಿನ ಕಾರುಗಳಲ್ಲಿ ಸಂಕೇತವು ನಿಯಂತ್ರಕದ ಸ್ಮೃತಿಯಲ್ಲಿ ಉಳಿದಿರುತ್ತದೆ. ಅದನ್ನು ಸ್ಕ್ಯಾನರ್ ಮೂಲಕ ಓದಬೇಕು. ಇಂಜಿನ್ ದೋಷವನ್ನಷ್ಟೇ ಓದುವ ಅಗ್ಗದ ಸ್ಕ್ಯಾನರ್ ಈ ಕೆಲಸಕ್ಕೆ ಸಾಕಾಗುವುದಿಲ್ಲ. ದೋಷವನ್ನು ಸರಿಪಡಿಸದೆ ಸಂಕೇತವನ್ನು ಮಾತ್ರ ಅಳಿಸಿದರೆ ದೀಪವು ಮತ್ತೆ ಹೊತ್ತುತ್ತದೆ.

ದೋಷದ ಕಾರಣಗಳು ಅನೇಕ. ಬ್ಯಾಟರಿಯ ಶಕ್ತಿ ಕುಂದಿರುವುದು ಒಂದು ಸರಳ ಕಾರಣ. ಮುಂದಿನ ಆಸನಗಳ ಕೆಳಗೆ ಸಾಮಾನ್ಯವಾಗಿ ಹಳದಿ ಬಣ್ಣದ ಕನೆಕ್ಟರುಗಳಿರುತ್ತವೆ. ಆಸನವನ್ನು ಹಿಂದೆ ಮುಂದೆ ಸರಿಸುವಾಗಲೋ, ಕೆಳಗೆ ಸಾಮಾನು ತುರುಕಿದಾಗಲೋ ಇವು ಸಡಿಲಗೊಳ್ಳುತ್ತವೆ. ಸ್ಟಿಯರಿಂಗ್ ಚಕ್ರದ ಕೆಳಗೆ ಸುರುಳಿಯಾಕಾರದ ತಂತಿಪಟ್ಟಿಯೊಂದಿದೆ. ಅದು ತುಂಡಾದರೆ ಏರ್‌ಬ್ಯಾಗ್ ದೀಪ ಹೊತ್ತುವುದರ ಜೊತೆಗೆ ಹಾರ್ನ್ ಕೂಡ ಕೆಲಸ ಮಾಡದಿರಬಹುದು. ಈ ಎರಡು ಲಕ್ಷಣಗಳೂ ಒಟ್ಟಿಗೆ ಕಂಡರೆ ಮೊದಲು ಅಲ್ಲಿಯೇ ಪರಿಶೀಲಿಸಬೇಕು. ಇಕ್ಕಟ್ಟಾದ ಓಣಿಯಲ್ಲಿ ಬಂಪರಿಗೆ ತಗಲಿದ ಪೆಟ್ಟು ಮುಂಭಾಗದ ಸಂವೇದಕದ ತಂತಿಯನ್ನು ಕದಲಿಸಿರಬಹುದು. ದಿನಗಟ್ಟಲೆ ನಿಂತ ಕಾರಿನಲ್ಲಿ ಇಲಿಗಳು ತಂತಿಯನ್ನು ಕಡಿದಿರಬಹುದು.

ಚೆನ್ನೈ ನಿವಾಸಿಗಳು ಮರೆಯಬಾರದ ಇನ್ನೊಂದು ಕಾರಣ ನೀರು. 2015ರ ಡಿಸೆಂಬರಿನ ಪ್ರವಾಹದಲ್ಲಿಯೂ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಮಳೆಯಲ್ಲಿಯೂ ನಗರದ ಅಸಂಖ್ಯ ವಾಹನಗಳು ನೀರಿನಲ್ಲಿ ನಿಂತವು. ಅನೇಕ ಕಾರುಗಳಲ್ಲಿ ಏರ್‌ಬ್ಯಾಗ್ ನಿಯಂತ್ರಕವು ಎರಡು ಮುಂದಿನ ಆಸನಗಳ ನಡುವೆ, ನೆಲದ ಮಟ್ಟದಲ್ಲಿಯೇ ಇರುತ್ತದೆ. ಒಳಗೆ ನುಗ್ಗಿದ ನೀರು ಇಂಜಿನನ್ನು ಮುಟ್ಟದಿದ್ದರೂ ನಿಯಂತ್ರಕವನ್ನು ಮುಟ್ಟಬಲ್ಲದು. ಕನೆಕ್ಟರಿನ ಪಿನ್ನುಗಳಿಗೆ ಹಿಡಿದ ತುಕ್ಕು ತಿಂಗಳುಗಳ ನಂತರ ದೋಷವಾಗಿ ತಲೆದೋರಬಹುದು.

ಮಾಲೀಕರು ತಾವಾಗಿ ಮಾಡಬಹುದಾದುದು ಸ್ವಲ್ಪವೇ. ಬ್ಯಾಟರಿಯನ್ನು ಪರೀಕ್ಷಿಸಬಹುದು, ಆಸನದ ಕೆಳಗಿನ ಸಾಮಾನನ್ನು ತೆಗೆಯಬಹುದು, ದೀಪವು ಯಾವಾಗ, ಎಷ್ಟು ಬಾರಿ ಮಿನುಗಿತೆಂಬುದನ್ನು ಬರೆದಿಟ್ಟುಕೊಂಡು ತಂತ್ರಜ್ಞರಿಗೆ ತಿಳಿಸಬಹುದು. ಮುಂದಿನ ಕೆಲಸ ತರಬೇತಿ ಪಡೆದವರದು. ಚೀಲವನ್ನು ಉಬ್ಬಿಸುವ ಘಟಕಕ್ಕೆ ಸಾಮಾನ್ಯ ಮೀಟರ್ ಹಚ್ಚಿ ನೋಡುವುದು ಅಪಾಯಕರ. ಅದರಿಂದ ಹರಿಯುವ ಅಲ್ಪ ವಿದ್ಯುತ್ತೂ ಚೀಲವನ್ನು ಸಿಡಿಸಬಹುದು. ಬ್ಯಾಟರಿಯ ಸಂಪರ್ಕವನ್ನು ತೆಗೆದ ನಂತರವೂ ನಿಯಂತ್ರಕದಲ್ಲಿ ಸ್ವಲ್ಪ ಕಾಲ ವಿದ್ಯುತ್ ಉಳಿದಿರುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯದೆ ಯಾವ ಕನೆಕ್ಟರನ್ನೂ ಬಿಚ್ಚಬಾರದು.

ಬಿಡಿಭಾಗಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಪುದುಪೇಟೆಯಂತಹ ಹಳೆಯ ಬಿಡಿಭಾಗಗಳ ಮಾರುಕಟ್ಟೆ ಅನೇಕ ವಾಹನಗಳಿಗೆ ಮರುಜೀವ ನೀಡಿದೆಯೆಂಬುದು ನಿಜ. ಆದರೆ ಬಾಗಿಲು, ಕನ್ನಡಿಗಳ ಮಾತು ಬೇರೆ. ಏರ್‌ಬ್ಯಾಗಿನ ಮಾತು ಬೇರೆ. ಎಲ್ಲಿಂದ ಬಂದಿತು, ನೀರಿನಲ್ಲಿ ನೆನೆದಿತ್ತೇ ಎಂದು ತಿಳಿಯದ ಏರ್‌ಬ್ಯಾಗನ್ನು ಅಳವಡಿಸಬಾರದು. ಒಮ್ಮೆ ತೆರೆದ ಏರ್‌ಬ್ಯಾಗಿನ ಸ್ಥಾನದಲ್ಲಿ ರೆಸಿಸ್ಟರೊಂದನ್ನು ಜೋಡಿಸಿ ದೀಪವನ್ನು ಆರಿಸುವುದು ದುರಸ್ತಿಯಲ್ಲ, ವಂಚನೆ. ದೀಪವು ಸುಳ್ಳು ಹೇಳುತ್ತದೆ. ಡಿಕ್ಕಿಯು ನಿಜವನ್ನು ಹೇಳುತ್ತದೆ.

ದೀಪವು ಎಲ್ಲವನ್ನೂ ತಿಳಿಸಲಾರದೆಂಬುದೂ ನೆನಪಿರಲಿ. ಅದು ವಿದ್ಯುತ್ ದೋಷವನ್ನು ಕಾಣುತ್ತದೆ, ರಾಸಾಯನಿಕ ದೋಷವನ್ನು ಕಾಣದು. ಟಕಾಟಾ ಸಂಸ್ಥೆಯ ಕೆಲವು ಏರ್‌ಬ್ಯಾಗುಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ಬಿಸಿಲು ಮತ್ತು ತೇವಾಂಶದಿಂದ ಕೆಟ್ಟು, ಲೋಹದ ಚೂರುಗಳು ಸಿಡಿದು ಅನೇಕ ದೇಶಗಳಲ್ಲಿ ಪ್ರಾಣಹಾನಿಯಾಯಿತು. ಕೋಟ್ಯಂತರ ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. ಭಾರತದಲ್ಲಿ 2023ರ ಜನವರಿಯಲ್ಲಿ ಮಾರುತಿ ಸುಜುಕಿ ಸಂಸ್ಥೆಯು ಏರ್‌ಬ್ಯಾಗ್ ನಿಯಂತ್ರಕದ ತಪಾಸಣೆಗಾಗಿ 17,362 ಕಾರುಗಳನ್ನು ಹಿಂದಕ್ಕೆ ಕರೆಸಿತು. ಇಂತಹ ದುರಸ್ತಿಗೆ ಮಾಲೀಕರು ಹಣ ತೆರಬೇಕಾಗಿಲ್ಲ. ತಮ್ಮ ಕಾರಿನ ಚಾಸಿಸ್ ಸಂಖ್ಯೆಯನ್ನು ನೀಡಿ ತಯಾರಕರಿಂದ ಮಾಹಿತಿ ಪಡೆಯುವುದು ಲೇಸು.

ಕೊನೆಯದಾಗಿ, ಏರ್‌ಬ್ಯಾಗ್ ಸೀಟ್ ಬೆಲ್ಟಿಗೆ ಪೂರಕವೇ ಹೊರತು ಪರ್ಯಾಯವಲ್ಲ. ಬೆಲ್ಟ್ ಧರಿಸದವರಿಗೆ ಉಬ್ಬುವ ಚೀಲವೇ ಪೆಟ್ಟು ನೀಡಬಲ್ಲದು. ಮಗುವನ್ನು ಮುಂದಿನ ಆಸನದಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಎಂದಿಗೂ ಸಲ್ಲದು. ದೀಪ ಮಿನುಗುತ್ತಿರುವಾಗ ದೂರದ ಪ್ರಯಾಣವನ್ನು ಮುಂದೂಡಿ, ಮೊದಲು ಕಾರನ್ನು ತಪಾಸಣೆಗೆ ಒಯ್ಯುವುದೇ ವಿವೇಕ. ಹೊತ್ತು ಹಣಗಳಲ್ಲಿ ಆಗುವ ಈ ಸಣ್ಣ ನಷ್ಟವು ಒಂದು ಕುಟುಂಬದ ದೊಡ್ಡ ನಷ್ಟವನ್ನು ತಪ್ಪಿಸಬಲ್ಲದು.